ಒಂದು ಶವಪೆಟ್ಟಿಗೆ, ಎರಡು ಪ್ರಾರ್ಥನೆ

“ಹೊಸದಾಗಿ ಅಗಲಿದ, ಕೊಲೆಯಾದ, ದೇವರ ದಾಸ ಆರ್ಸೇನಿಗೆ…”

ಉಪಪಾದ್ರಿ ವಾವಿಲನ ದನಿ ಇಗರ್ಜಿಯ ಗುಮ್ಮಟಕ್ಕೆ ಬಡಿದು ಕೆಳಗಿಳಿಯಿತು. ಟೊಪ್ಪಿಗೆ ಕೈಯಲ್ಲಿ ಹಿಡಿದು ಬಾಗಿಲ ತನಕ ಹೋಗಿದ್ದವನು ನಾನು ಅಲ್ಲೇ ನಿಂತುಬಿಟ್ಟೆ.

ಶವಪೆಟ್ಟಿಗೆ ಆಗಲೇ ಜಾರುಬಂಡಿ ಏರಿ ಸ್ಮಶಾನದ ಹಾದಿ ಹಿಡಿದಿತ್ತು. ಅದರಲ್ಲಿ ಮಲಗಿದ್ದವನು ಪ್ರೊಖೋರ್ ಸಿಚೊವ್, ಕೆಲಸವಿಲ್ಲದ ನಾಟಕದ ನಟ. ಪೀಟರ್ಸ್‌ಬರ್ಗಿಗೆಲ್ಲ ಅವನು ಯೆಗೋರ್ ಪೊಲಿನೊವ್. ‘ಸಾಸಿವೆ’ ವಾರಪತ್ರಿಕೆಯಲ್ಲಿ ಪ್ರತಿ ಶನಿವಾರ ದೊಡ್ಡವರ ಕಣ್ಣಿಗೆ ಖಾರ ಎರಚುತ್ತಿದ್ದ ಹೆಸರು ಅದು. ಮಂಗಳವಾರ ಬೆಳಿಗ್ಗೆ ತನ್ನ ಬಾಡಿಗೆ ಕೋಣೆಯಲ್ಲಿ, ಒಲೆ ಕೆದಕುವ ಕಬ್ಬಿಣದ ಸರಳಿನ ಪೆಟ್ಟು ತಿಂದು ಸತ್ತು ಬಿದ್ದಿದ್ದ. ಸರಳು ಮನೆಯದ್ದೇ. ಹಿಂದಿನ ದಿನ ಗಂಡಹೆಂಡಿರ ಜಗಳ ಕಟ್ಟಡದ ಕಾವಲುಗಾರನ ಕಿವಿಗೂ ಬಿದ್ದಿತ್ತು. ಇಷ್ಟು ಸಾಕಾಗಿ ಹೆಂಡತಿ ಲುಕೇರ್ಯಳನ್ನು ಠಾಣೆಗೆ ಎಳೆತಂದರು. ನಾಳೆ ಅವಳನ್ನು ಜೈಲಿಗೆ ಸಾಗಿಸುತ್ತಾರೆ. ಒಮ್ಮೆ ಅಲ್ಲಿಗೆ ಹೋದವಳು ಸೈಬೀರಿಯಾ ನೋಡದೆ ಹೊರಗೆ ಬರುವುದಿಲ್ಲ.

ಆ ವಾರ ಈ ಬಡಾವಣೆಯಲ್ಲಿ ಕೊಲೆಯಾದವನು ಇವನೊಬ್ಬನೇ. ಈಗಷ್ಟೇ ಇದೇ ವಾವಿಲ ‘ದೇವರ ದಾಸ ಪ್ರೊಖೋರ್’ ಎಂದು ಹಾಡಿ ಅವನನ್ನು ಕಳಿಸಿಕೊಟ್ಟಿದ್ದ. ಹಾಗಾದರೆ ಕೊಲೆಯಾದ ಈ ಆರ್ಸೇನಿ ಎಲ್ಲಿಂದ ಬಂದ?

ನನ್ನಪ್ಪನೂ ಉಪಪಾದ್ರಿ. ‘ಕೊಲೆಯಾದ’ ಎಂಬ ಮಾತನ್ನು ಪ್ರಾರ್ಥನೆಯಲ್ಲಿ ಬಾಯಿಗೆ ಬಂದಂತೆ ಸೇರಿಸುವುದಿಲ್ಲ ಎಂದು ನನಗೆ ಚಿಕ್ಕಂದಿನಿಂದ ಗೊತ್ತು. ಯಾರೋ ಕೇಳಿ ಹಾಡಿಸಬೇಕು. ಸತ್ತವರಿಗೆ ದೀಪವಿಡುವ ಮೇಜಿನ ಮೇಲೆ ನನ್ನ ಮಣಿಕಟ್ಟಿನಷ್ಟು ದಪ್ಪದ ಮೇಣದ ಬತ್ತಿ ಉರಿಯುತ್ತಿತ್ತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

ಹಾಡು ಮುಗಿದು, ಪಾದ್ರಿ ಧೂಪದ ಬಟ್ಟಲು ಹಿಡಿದು ಒಳಗೆ ಹೋದ ಮೇಲೆ ವಾವಿಲನ ತೋಳು ಹಿಡಿದೆ.

“ಏನ್ ಸ್ವಾಮಿ, ಒಬ್ಬ ಸತ್ರೆ ಇಬ್ರಿಗೆ ಹಾಡ್ತೀರಾ?”

“ಕೊಂದ್ರಾತಿ ಲುಕಿಚ್! ಪತ್ತೇದಾರಿಕೆಗೆ ಇಗರ್ಜಿನೂ ಬಿಡಲ್ವಾ ನೀವು? ತೋಳು ಬಿಡಿ, ನೋಯ್ತದೆ.”

“ಆರ್ಸೇನಿ ಯಾರು?”

“ಇನ್ಯಾರು, ಈಗ ಹೋದನಲ್ಲ, ಅವನೇ.”

“ಹೋದೋನು ಪ್ರೊಖೋರ್. ನೀವೇ ಕೂಗಿದ್ರಿ.”

“ಕೂಗ್ದೆ. ಗುರುತಿನ ರಹದಾರಿಲಿ ಇದ್ದ ಹೆಸರು ಕೂಗ್ದೆ. ಅಷ್ಟರಲ್ಲಿ ಒಬ್ರು ಹಿರಿಯರು ಬಂದು ಕಿವಿಲಿ ಹೇಳಿದ್ರು. ‘ಪೊಲಿನೊವ್ ಅಂತ ಬರೀತಿದ್ದೋನಿಗೆ ಇನ್ನೊಂದ್ಸಲ ಪ್ರಾರ್ಥನೆ ಮಾಡಿ. ಪ್ರೊಖೋರ್ ಅಂತ ಕರೆದ್ರೆ ಅವನು ತಿರುಗಿ ನೋಡಲ್ಲ. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಆರ್ಸೇನಿ’ ಅಂದ್ರು.”

“ನೀವು ಕಣ್ಮುಚ್ಕೊಂಡು ನಂಬಿದ್ರಾ?”

“ಯಾಕೆ ನಂಬಬಾರ್ದು? ಬರೆಯೋ ಜನಕ್ಕೆ ಹೆಸರು ಅಂದ್ರೆ ಕಾಲ್ಚೀಲ ಇದ್ದ ಹಾಗೆ, ದಿನಾ ಬದಲಾಯಿಸ್ತಾರೆ. ಪತ್ರಿಕೆಗೆ ಒಂದು, ಪೊಲೀಸ್ನೋರಿಗೆ ಇನ್ನೊಂದು. ಮೇಲೆ ಹೋದ್ಮೇಲೆ ಇವೆರಡೂ ನಡೆಯಲ್ಲ ನೋಡಿ. ಅಲ್ಲಿ ನೀರು ಮುಟ್ಟಿಸಿ ಇಟ್ಟ ಹೆಸರೇ ಬೇಕು. ನಿಮ್ಮಪ್ಪ ಇಷ್ಟೂ ಹೇಳಿಕೊಟ್ಟಿಲ್ವಾ?”

“ಆ ಹಿರಿಯರು ಪೆಟ್ಟಿಗೆ ಹತ್ರ ಬಂದ್ರಾ? ಸತ್ತೋನ ಹಣೆಗೆ ಮುತ್ತಿಟ್ರಾ?”

ವಾವಿಲ ಗಡ್ಡ ಕೆರೆದುಕೊಂಡ. “ಅದೇ ನೋಡಿ, ಇಲ್ಲ. ಪೆಟ್ಟಿಗೆ ಹೊರಡೋತನಕ ಬಾಗಿಲ ಹತ್ರ ಗೋಡೆ ನೋಡ್ಕೊಂಡೇ ನಿಂತಿದ್ರು, ಆಮೇಲೆ ಬತ್ತಿ ಹಚ್ಚಿ, ನಂಗೆ ಹೇಳಿ ಹೊರಟುಹೋದ್ರು.”

“ಹೆಸರು?”

“ಹೇಳ್ಬೇಡಿ ಅಂದಿದ್ದಾರೆ.”

“ಹಾಗಾದ್ರೆ ಠಾಣೆಗೆ ಬಂದು ಹೇಳಿ. ಅಲ್ಲಿ ಧೂಪ ಇಲ್ಲ, ಬೇರೆ ವಾಸನೆ ಇದೆ.”

“ಒಬ್ನೋರ್ಸ್ಕಿ,” ಎಂದ ವಾವಿಲ, ಸುತ್ತ ನೋಡಿ. “ಯೆವ್‌ಗ್ರಾಫ್ ಕಿರಿಲೊವಿಚ್ ಒಬ್ನೋರ್ಸ್ಕಿ.”

ನಾನು ಅವನ ತೋಳು ಬಿಟ್ಟೆ. ಸೈನ್ಯಕ್ಕೆ ಹಿಟ್ಟು, ಧಾನ್ಯ ಕೊಳ್ಳುವ ಕಚೇರಿಯ ಮುಖ್ಯಸ್ಥ. ಇಂಥವರ ಮನೆಗೆ ನನ್ನಂಥವನು ಹಿಂಬಾಗಿಲಿನಿಂದಲೂ ಹೋಗುವಂತಿಲ್ಲ. ಕಳೆದ ಚಳಿಗಾಲವಿಡೀ ಪೊಲಿನೊವ್ ಬರೆದದ್ದು ಒಂದೇ ವಿಷಯ, ಸಿಪಾಯಿಗಳ ಹಿಟ್ಟಿಗೆ ಸುಣ್ಣದ ಪುಡಿ ಬೆರೆಸುವ ಗುತ್ತಿಗೆದಾರರ ಸಂಗತಿ.

ಮೆಟ್ಟಿಲ ಮೇಲೆ ‘ಸಾಸಿವೆ’ಯ ಸಂಪಾದಕ ಕಾದ್ಕಿನ್ ಗಾಡಿಗೆ ಕಾಯುತ್ತಿದ್ದ. ತಿಥಿಯೂಟದ ದೋಸೆ ಆರಿಹೋಗುತ್ತದೆ ಎಂಬ ಸಂಕಟ ಅವನ ಮುಖದ ಮೇಲೆ ಬರೆದಂತಿತ್ತು. ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದ ಆಗದು. ಬರೆಸುವವರನ್ನು ಕಂಡರೆ ಇನ್ನೂ ಆಗದು.

“ನಿಮ್ಮ ಜನಕ್ಕೆ ಹೆತ್ತೋರು ಇಟ್ಟ ಹೆಸರು ಯಾಕೆ ಸಾಲಲ್ಲ ಕಾದ್ಕಿನ್? ಮೂಗಿಗಿಂತ ಮೂಗುತಿ ಭಾರ!”

“ಸಾಲದೆ ಅಲ್ಲ ಸ್ವಾಮಿ, ಹೆಚ್ಚಾಗಿ. ಹೆಸರು ಅಂದ್ರೆ ಕುತ್ತಿಗೆಗೆ ಕಟ್ಟಿದ ಹಗ್ಗ, ತುದಿ ನಿಮ್ಮಂಥೋರ ಕೈಲಿರುತ್ತೆ. ನನ್ನ ಕವಿ ಒಬ್ಬ ಖಜಾನೇಲಿ ಗುಮಾಸ್ತ. ಮೇಲಧಿಕಾರಿ ಅಪ್ಪಣೆ ಇಲ್ದೆ ನಾಲ್ಕು ಸಾಲು ಅಚ್ಚು ಹಾಕ್ಸಿದ್ರೂ ಕೆಲಸ ಹೋಯ್ತು. ಬೇಟೆ ಕಥೆ ಬರೆಯೋ ನಮ್ಮ ಮೀಸೆ ಗಂಡಸು ಇದ್ದಾನಲ್ಲ, ಅದು ಒಬ್ಬ ಕರ್ನಲ್ ಹೆಂಡ್ತಿ. ಗಂಡಂಗೆ ಗೊತ್ತಾದ್ರೆ ಬಂದೂಕು ನಿಜಕ್ಕೂ ಹಾರುತ್ತೆ. ಇನ್ನೊಬ್ಬ ಯೆಹೂದಿ. ಅವನ ಸ್ವಂತ ಹೆಸರು ಹಾಕಿದ್ರೆ ಕಥೆ ಓದೋಕೆ ಮೊದ್ಲೇ ಬೈಗುಳ ಬರುತ್ತೆ. ಮತ್ತೊಬ್ಬಂದು ಮನೆತನದ ಹೆಸರೇ ಹೆಂಗಸರ ಮುಂದೆ ಹೇಳೋ ಹಾಗಿಲ್ಲ.”

“ನೀವು?”

“ನಾನು ಐದು ಹೆಸರಲ್ಲಿ ಬರೀತೀನಿ. ಇಲ್ದಿದ್ರೆ ಪತ್ರಿಕೆ ಪೂರ್ತಿ ಒಬ್ನೇ ಬರ್ದ ಹಾಗೆ ಕಾಣಲ್ವಾ?” ಅವನು ನಾಚಿಕೆಯಿಲ್ಲದೆ ಹಲ್ಲುಕಿರಿದ.

“ಪ್ರೊಖೋರ್ ಬರೆಯೋದನ್ನ ಕಣ್ಣಾರೆ ಕಂಡಿದ್ದೀರಾ?”

“ಕೋಳಿ ಮೊಟ್ಟೆ ಇಡೋದನ್ನ ಯಾರಾದ್ರೂ ನಿಂತು ನೋಡ್ತಾರಾ? ಶುಕ್ರವಾರ ಸಂಜೆ ಹಾಳೆ ತಂದುಕೊಡ್ತಿದ್ದ. ನಂಗೆ ಅಷ್ಟೇ ಬೇಕಿತ್ತು.”

“ಆ ಹಾಳೆಗಳನ್ನ ತೋರಿಸಿ.”

“ಅಚ್ಚಾದ ತಕ್ಷಣ ಒಲೆಗೆ ಹಾಕ್ತೀವಿ. ಎಂದಾದ್ರೂ ಒಂದಿನ ನೀವು ಬಂದು ಹೀಗೇ ಕೇಳ್ತೀರಾ ಅಂತ ಗೊತ್ತಿತ್ತು.” ಗಾಡಿ ಬಂತು. ಅವನು ಹತ್ತಿ ಕುಳಿತು, ನನಗೆ ಬೆನ್ನು ಹಾಕಿದ.

ಠಾಣೆಯಲ್ಲಿ ಲುಕೇರ್ಯ ಗೋಡೆಗೆ ಒರಗಿ ಕುಳಿತಿದ್ದಳು. ಗಂಡನ ಮಣ್ಣಿಗೂ ಕಳಿಸಲಿಲ್ಲವೆಂಬ ಸಿಟ್ಟು ಅವಳ ಮುಖದಲ್ಲಿ ಕುದಿಯುತ್ತಿತ್ತು. ನನ್ನನ್ನು ಕಂಡದ್ದೇ ತಡ, ನೆಲಕ್ಕೆ ಉಗುಳಿದಳು.

“ಬಂದ್ಯಾ? ಹೂತಾಕಿ ಬಂದ್ಯಾ? ನಿನ್ ಮೀಸೆಗೆ ಬೆಂಕಿ ಬೀಳ!”

“ಬೀಳ್ಲಿ. ಮೊದಲು ಹೇಳು, ನಿನ್ನ ಗಂಡ ಬರೀತಿದ್ನಾ?”

“ಎಷ್ಟು ಸಲ ಬಡ್ಕೋಬೇಕು ನಿಮ್ಗೆ? ಸಹಿ ಹಾಕೋಕೆ ನಾಲಿಗೆ ಕಚ್ಕೊಂಡು ಬೆವರೋನು ಅವ್ನು! ಬರೆಯೋನಂತೆ! ಹೇಳಿದ್ರೆ ಆ ನಿಮ್ ತನಿಖೆ ಸಾಹೇಬ ನಗ್ತಾನೆ. ಕೊಂದಿದ್ದು ಸಾಲ್ದು ಅಂತ ಗಂಡನ ಮಾನನೂ ಕಳೀತಾಳೆ ಅಂತಾನೆ.”

ನಾನು ನಗಲಿಲ್ಲ. ಇಗರ್ಜಿಯಲ್ಲಿ ಹಣೆಗೆ ಮುತ್ತಿಡಲು ಬಗ್ಗಿದಾಗ ಎದೆಯ ಮೇಲೆ ಜೋಡಿಸಿದ ಕೈಗಳನ್ನು ನೋಡಿದ್ದೆ. ವಾರಗಟ್ಟಲೆ ಲೇಖನಿ ಹಿಡಿದವನ ನಡುಬೆರಳಲ್ಲಿ ಗಂಟು ಬೀಳುತ್ತದೆ, ಎಷ್ಟು ತಿಕ್ಕಿದರೂ ಶಾಯಿ ಹೋಗುವುದಿಲ್ಲ. ಪ್ರೊಖೋರನ ಬೆರಳು ಮದುಮಗಳ ಬೆರಳಿನಂತೆ ನುಣ್ಣಗಿತ್ತು.

“ಹಾಗಾದ್ರೆ ಹಾಳೆ ಎಲ್ಲಿಂದ ಬರ್ತಿತ್ತು?”

ಅವಳು ಮೊದಲ ಸಲ ಬೈಯದೆ ನನ್ನನ್ನು ನೋಡಿದಳು. “ಶುಕ್ರವಾರ ಶುಕ್ರವಾರ ಹಿಂದಿನ ಮೆಟ್ಲಿಂದ ಯಾರೋ ಬರೋರು. ಆಗ ನಮ್ಮೋನು ನನ್ನನ್ನ ಅಂಗಡಿಗೆ ಅಟ್ಟೋನು. ಮುಖ ನೋಡಿಲ್ಲ. ಬಾಗಿಲ ಹೊರಗೆ ಬಿಟ್ಟ, ಬೂಟಿನ ಮೇಲೆ ಹಾಕೋ ರಬ್ಬರ್ ಮೇಲ್ಜೋಡು ನೋಡಿದ್ದೀನಿ. ಒಳಗೆ ಕೆಂಪು ಬಟ್ಟೆ, ಅದರ ಮೇಲೆ ಹಿತ್ತಾಳೆ ಅಕ್ಷರ. ನಂಗೆ ಓದಕ್ಕೆ ಬರಲ್ಲಪ್ಪ. ಉಂಗುರದ ಹಾಗೆ ಗುಂಡಗಿತ್ತು.”

ದೊಡ್ಡ ಕಚೇರಿಗಳಲ್ಲಿ ಸಾಲಾಗಿ ಬಿಟ್ಟ ಮೇಲ್ಜೋಡು ಅದಲುಬದಲಾಗಬಾರದೆಂದು ಮನೆತನದ ಮೊದಲ ಅಕ್ಷರ ಹಾಕಿಸಿಕೊಳ್ಳುತ್ತಾರೆ. ಉಂಗುರದ ಹಾಗೆ ಗುಂಡಗಿರುವುದು ನಮ್ಮ ರಷ್ಯನ್ ಲಿಪಿಯಲ್ಲಿ ‘ಒ’, ಒಬ್ನೋರ್ಸ್ಕಿಯ ಮೊದಲ ಅಕ್ಷರ. ಅಂಥ ದೊಡ್ಡವನು ಹಿಂದಿನ ಮೆಟ್ಟಿಲು ಹತ್ತುವುದಿಲ್ಲ, ಅವನಿಗೊಬ್ಬ ಮಗನಿದ್ದರೆ ಹತ್ತಬಹುದು.

“ಇದನ್ನ ಯಾಕೆ ಮೊದಲೇ ಹೇಳ್ಲಿಲ್ಲ?”

“ಯಾರ್ ಕೇಳಿದ್ರು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಜನ ನೀವು!”

ಅವಳ ಮಾತು ನನಗೆ ಚುಚ್ಚಿತು. ಅದೇ ಸಿಟ್ಟಿನಲ್ಲಿ ಒಬ್ನೋರ್ಸ್ಕಿಯ ಮನೆಗೆ ಹೋದೆ, ಮುಂಬಾಗಿಲಿಗೇ.

ಹಳೆಯ ಸೇವಕ ಫದೇಯ್ ನನ್ನ ಕೋಟನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಹಿಡಿದಂತೆ ಹಿಡಿದು ಗೂಟಕ್ಕೆ ಹಾಕಿದ. ಒಳಗೆ ಮುದುಕ ಕಿಟಕಿಯ ಬಳಿ ನಿಂತಿದ್ದ. ಎತ್ತರದ ಆಳು, ಕೋಟಿನ ಮೇಲೆ ಪದಕ. ಕೂರು ಎನ್ನಲಿಲ್ಲ.

“ಖಾವಂದ್ರಿಗೆ ಪುತ್ರಶೋಕ ಆಗಿದೆ. ಸಂತಾಪ ಹೇಳೋಣ ಅಂತ ಬಂದೆ.”

“ಹೇಳಿದ್ರಲ್ಲ. ಹೊರಡಿ.”

“ಮಗ ಅಲ್ಲ ಅಂತ ನೀವು ಹೇಳ್ಲಿಲ್ಲ.”

ಅವನು ಕಿಟಕಿಯ ಕಡೆಗೆ ಮುಖ ಮಾಡಿದ. “ಆ ಉಪಪಾದ್ರಿಗೆ ನಾಲಿಗೆ ಉದ್ದ.”

“ಮೇಣದ ಬತ್ತಿ ಅದಕ್ಕಿಂತ ಉದ್ದ ಇತ್ತು ಖಾವಂದ್ರೇ. ಕಂಡೋರ ಮಗನಿಗೆ ಯಾರೂ ಅಷ್ಟು ದೊಡ್ಡದು ಹಚ್ಚಲ್ಲ. ಆರ್ಸೇನಿ ಯೆವ್‌ಗ್ರಾಫೊವಿಚ್ ನಿಮ್ಮ ಕಚೇರಿಲೇ ಕೆಲಸ ಮಾಡ್ತಿದ್ರು, ಅಲ್ವಾ?”

“ಮಾಡ್ತಿದ್ದ. ವರ್ಷದಿಂದ ಎದುರು ಸಿಕ್ಕಿದ್ರೂ ನಾವು ಮಾತಾಡ್ತಿರಲಿಲ್ಲ.”

“ಯಾಕೆ?”

“ನಿಮಗದು ಅರ್ಥ ಆಗಲ್ಲ. ನಿಮಗೆ ಕಳ್ಕೊಳ್ಳೋಕೆ ಹೆಸರಿಲ್ಲ.” ಮುದುಕ ನನ್ನತ್ತ ತಿರುಗಿದ. “ಬರೀತೀನಿ, ಅಚ್ಚು ಹಾಕ್ಸೋಕೆ ಮೇಲಧಿಕಾರಿ ಅಪ್ಪಣೆ ಬೇಕು ಅಂತ ನನ್ನ ಮುಂದೇನೇ ಬಂದು ನಿಂತ. ಒಬ್ನೋರ್ಸ್ಕಿ ಅನ್ನೋ ಹೆಸರು ಚಕ್ರವರ್ತಿಗಳ ಆಜ್ಞೆ ಕೆಳಗೆ ಬರೋ ಹೆಸರು. ಸಂತೇಲಿ ಉಪ್ಪುಮೀನು ಸುತ್ತೋ ಕಾಗದದ ಮೇಲೆ ಅದು ಬರಬಾರ್ದು ಅಂದೆ. ಬರೆಯೋದೇ ಆದ್ರೆ ನನ್ನ ಹೆಸರನ್ನ ಈ ಮೇಜಿನ ಮೇಲೆ ಬಿಟ್ಟು ಹೋಗು ಅಂದೆ. ಬಿಟ್ಟು ಹೋದ. ಪೀಡೆ ತೊಲಗಿತು ಅಂದ್ಕೊಂಡೆ.”

“ಪೊಲಿನೊವ್ ಅವರೇ ಅಂತ ಹೇಗೆ ಗೊತ್ತಾಯ್ತು?”

“ಸಿಪಾಯಿಗಳ ರೊಟ್ಟಿ ಬಗ್ಗೆ ಬರ್ದಿದ್ದ. ‘ಕೋಳಿಗೂ ಹಲ್ಲು ಹುಟ್ಟಿಸೋ ರೊಟ್ಟಿ’ ಅಂತ. ಆ ಮಾತು ಈ ಮನೇಲಿ ಅವನನ್ನ ಸಾಕಿದ ದಾದಿದು. ಬೇರೆ ಎಲ್ಲೂ ನಾನು ಕೇಳಿಲ್ಲ.” ಅವನ ದನಿ ಸ್ವಲ್ಪ ಇಳಿಯಿತು. “ಹೆಸರು ಬಿಟ್ಟ. ಅವಳ ಮಾತು ಬಿಡಲಿಲ್ಲ.”

“ಅದನ್ನ ಯಾರಿಗೆ ಹೇಳಿದ್ರಿ?”

“ಯಾರಿಗೂ ಇಲ್ಲ.”

ಉತ್ತರ ತೀರ ಬೇಗ ಬಂತು. ಅಷ್ಟರಲ್ಲಿ ಫದೇಯ್ ಚಹಾದ ತಟ್ಟೆ ಹಿಡಿದು ಒಳಗೆ ಬಂದ. ಚಹಾ ಯಾರೂ ಕೇಳಿರಲಿಲ್ಲ. ತಟ್ಟೆಯಿಟ್ಟು ಬಾಗಿಲ ಪಕ್ಕದಲ್ಲೇ ನಿಂತ. ಹೋಗೆಂದು ಮುದುಕ ಹೇಳಲಿಲ್ಲ.

“ಸತ್ತಿದ್ದು ಮಗನೇ ಅಂತ ನಿಮಗೆ ಹೇಳಿದ್ಯಾರು?”

“ಪತ್ರಿಕೇಲಿ ಬಂತು, ಪೊಲಿನೊವ್ ಕೊಲೆ ಅಂತ. ಕಚೇರಿಗೆ ಮಂಗಳವಾರದಿಂದ ಬಂದಿರಲಿಲ್ಲ. ಇವನನ್ನ ಅವನ ಕೋಣೆಗೆ ಕಳಿಸ್ದೆ. ಅಲ್ಲಿಗೂ ಬಂದಿಲ್ಲ ಅಂದ್ರಂತೆ.” ಮುದುಕ ಫದೇಯ್‌ನತ್ತ ಗಲ್ಲ ಆಡಿಸಿದ. “ಇನ್ನೇನು ಬೇಕು? ಇಗರ್ಜಿಗೆ ಹೋದ್ರೆ ಅಲ್ಲಿ ಯಾವನೋ ಪ್ರೊಖೋರ್ ಅಂತ ಕೂಗ್ತಿದ್ರು. ಕಳ್ಳ ರಹದಾರಿ ಮಾಡಿಸ್ಕೊಂಡು ಬದುಕಿದ್ದ, ಅದೇ ಹೆಸರಲ್ಲಿ ಹೂಳ್ತಿದ್ದಾರೆ ಅಂದ್ಕೊಂಡೆ. ಸಾಯೋವಾಗಲೂ ಬೇರೆಯವನ ಹೆಸರು! ನನ್ನ ಹೆಸರು ಕಿತ್ಕೊಂಡೆ, ಸರಿ. ದೇವರು ಕೊಟ್ಟ ಹೆಸರನ್ನ ಕಿತ್ಕೊಳ್ಳೋಕೆ ನಾನ್ಯಾರು?”

ಆ ಕ್ಷಣ ಅವನ ಮೇಲೆ ನನಗೆ ಕನಿಕರವಾಯಿತು. ಆದರೆ ಲುಕೇರ್ಯಳ ಮುಖ ಕಣ್ಣ ಮುಂದೆ ಬಂತು.

“ಸತ್ತೋನ ಹೆಂಡ್ತಿನ ನಾಳೆ ಜೈಲಿಗೆ ಹಾಕ್ತಾರೆ ಖಾವಂದ್ರೇ. ಅವಳು ಏನೂ ಮಾಡಿಲ್ಲ.”

“ನನ್ನ ಮಗನಿಗೆ ಹೆಂಡ್ತಿ ಇಲ್ಲ.”

“ಅದೇ ನಾನೂ ಹೇಳೋದು. ನೀವು ಪೆಟ್ಟಿಗೆ ಹತ್ರ ಬರ್ಬೇಕಿತ್ತು.”

“ಆ ಕುಡುಕರ, ನಾಟಕದವರ ನಡುವೆ ನಿಂತು ಅವನ ಮುಖ ನೋಡೋಕೆ ನನಗಾಗಲಿಲ್ಲ.” ಮೊದಲ ಸಲ ಅವನು ಕೂಗಿದ. “ಅದನ್ನೂ ನಿಮಗೆ ವಿವರಿಸ್ಬೇಕಾ?”

“ನೋಡಿದ್ರೆ ಬೋಳುತಲೆ ಕಾಣ್ತಿತ್ತು. ಉಬ್ಬಿದ ಕೆನ್ನೆ. ನನ್ನ ವಯಸ್ಸಿನವನು, ನರೆತ ಹುಬ್ಬು.”

ಮುದುಕನ ಕೈ ಹಿಂದೆ ಸರಿದು ಕುರ್ಚಿಯ ಬೆನ್ನನ್ನು ಹುಡುಕಿತು.

“ಅವನು ಹಾಳೆ ಹೊತ್ತು ಕೊಡ್ತಿದ್ದ ಅಷ್ಟೇ. ಸಂಪಾದಕನಿಗೆ ತೋರಿಸೋಕೆ ಒಂದು ಮುಖ ಬೇಕಿತ್ತು. ಸರ್ಕಾರಿ ನೌಕರನ ಮುಖ ತೋರಿಸೋ ಹಾಗಿರಲಿಲ್ಲವಲ್ಲ! ನೀವು ಪ್ರಾರ್ಥನೆ ಹಾಡಿಸಿದ್ದು ಬದುಕಿರೋ ಮನುಷ್ಯನಿಗೆ.”

ಬದುಕಿದ್ದವನ ಹೆಸರಿಗೆ ಸತ್ತವರ ಪ್ರಾರ್ಥನೆ ಹಾಡಿಸುವುದು ನಮ್ಮಲ್ಲಿ ಮಾಟಕ್ಕೆ ಸಮ. ಹಗೆಯವನು ಸವೆದು ಸಾಯಲಿ ಎಂದು ಪಾದ್ರಿಗೆ ಸುಳ್ಳು ಹೇಳಿ ಮಾಡಿಸುತ್ತಾರೆ. ಮುದುಕನ ಕೈ ಶಿಲುಬೆಯ ಗುರುತು ಹಾಕಿಕೊಳ್ಳಲು ಮೇಲೆದ್ದು, ಹಣೆಯ ಬಳಿಯೇ ನಿಂತಿತು.

“ಸುಳ್ಳು,” ಎಂದ. “ಸುಳ್ಳು ಹೇಳ್ತಿದ್ದೀರಿ.”

“ಅವರು ಹೇಳ್ತಿರೋದು ನಿಜ ಅಪ್ಪಾ.”

ಒಳಕೋಣೆಯ ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಗಡ್ಡ ಬೆಳೆದಿತ್ತು, ಕೋಟಿನ ಹೆಗಲ ಮೇಲೆ ಹಿಮ. ಹಿಂದಿನ ಮೆಟ್ಟಿಲಿನಿಂದ ಬಂದವನು ಒಂದು ಮೇಲ್ಜೋಡನ್ನು ಹೊಸ್ತಿಲಲ್ಲಿ ಕಳಚಿ ಬಿಟ್ಟಿದ್ದ, ಇನ್ನೊಂದು ಕಾಲಲ್ಲೇ ಇತ್ತು. ಕಳಚಿದ್ದರ ಒಳಗೆ ಕೆಂಪು ಬಟ್ಟೆ, ಅದರ ಮೇಲೆ ಗುಂಡನೆಯ ಹಿತ್ತಾಳೆ ಅಕ್ಷರ. ನನಗೆ ಬೇಕಾದ ಸಾಕ್ಷಿ ತಾನಾಗಿ ನಡೆದು ಬಂದಿದ್ದ. ಇವನು ಬಾಯಿಬಿಟ್ಟರೆ ಲುಕೇರ್ಯ ಇವತ್ತೇ ಮನೆಗೆ.

“ಕಂಬದ ಹಿಂದೆ ನಿಂತಿದ್ದೆ,” ಎಂದ ಆರ್ಸೇನಿ. “ಪ್ರೊಖೋರನ ಕಳಿಸಿಕೊಡೋಕೆ ಬಂದಿದ್ದೆ. ನನ್ನ ಪಾಪಕ್ಕೆ ಹೋದ ಜೀವ ಅದು. ನನ್ನ ಪ್ರಾರ್ಥನೆ ನಾನೇ ಕೇಳ್ಕೊಂಡು ಬಂದೆ. ಆರ್ಸೇನಿ ಅಂತ ನೀವು ನನ್ನ ಕರೆದು ವರ್ಷ ಆಗಿತ್ತು. ಅದಕ್ಕೆ ನಾನು ಸಾಯ್ಬೇಕಾಯ್ತಾ?”

ಮುದುಕ ಮಗನನ್ನು ನೋಡಿದ, ಕಣ್ಣು ತುಂಬಿ ನೋಡಿದ. ಒಂದು ಹೆಜ್ಜೆ ಮುಂದಿಟ್ಟ. ಆಗಲೇ ಬೇರೇನೋ ಹೊಳೆದಂತೆ ಅವನ ಮುಖ ಬಿಳಚಿತು.

“ಹಾಗಾದ್ರೆ ಅವ್ರು… ಅವ್ರು ಕೊಂದಿದ್ದು ಯಾರನ್ನ?”

“ಯಾರನ್ನ ಅಂತ ಕೇಳಿದ್ರಿ,” ಎಂದ ಆರ್ಸೇನಿ ಮೆಲ್ಲಗೆ. “ಕೊಂದೋರು ಯಾರು ಅಂತ ಕೇಳ್ಲಿಲ್ಲ ಅಪ್ಪಾ.”

ನಾನು ಮುದುಕನ ಮುಂದೆ ಹೋಗಿ ನಿಂತೆ. “ಅವ್ರು ಅಂದ್ರೆ ಯಾರು ಖಾವಂದ್ರೇ?”

ಅವನು ನನ್ನತ್ತ ನೋಡಲೇ ಇಲ್ಲ. ಅವನ ಕಣ್ಣು ನನ್ನ ಹೆಗಲು ದಾಟಿ ಬಾಗಿಲ ಪಕ್ಕದಲ್ಲಿ ಏನನ್ನೋ ಹುಡುಕುತ್ತಿತ್ತು. ನಾನು ತಿರುಗಿ ನೋಡಿದೆ. ಫದೇಯ್ ಅಲ್ಲಿರಲಿಲ್ಲ. ಕೆಳಗೆ ಅಡುಗೆಮನೆಯ ಬಾಗಿಲು ದಡಾರನೆ ಬಡಿಯಿತು.

ಮುದುಕ ಕಿಟಕಿಗೆ ಧಾವಿಸಿ ಗಾಜನ್ನು ಎರಡೂ ಮುಷ್ಟಿ ಹಿಡಿದು ಗುದ್ದಿದ.

“ಫದೇಯ್! ನಿಲ್ಲೋ! ಆ ಹಿಟ್ಟಿನ ಗುತ್ತಿಗೆದಾರರಿಗೆ ಹೇಳ್ಬೇಡ, ಇವನು ಬದುಕಿದ್ದಾನೆ ಅಂತ! ನಿಲ್ಲು ಅಂತ ಹೇಳ್ತಿದ್ದೀನಿ!”

ಕೆಳಗೆ, ಹಿಮ ತುಂಬಿದ ಅಂಗಳದಲ್ಲಿ, ಕೋಟೂ ಇಲ್ಲದೆ ಓಡುತ್ತಿದ್ದ ಸೇವಕ ಒಮ್ಮೆ ತಲೆಯೆತ್ತಿ ಕಿಟಕಿಯನ್ನು ನೋಡಿದ. ಯಜಮಾನನನ್ನು ನೋಡಿಯೂ ಅವನು ನಿಲ್ಲಲಿಲ್ಲ.